ತನಿಯ ಹೊತ್ತಿಗೆ ಏಳಬೇಡಿ

ಪ್ರಧಾನ ಕೃತಿಯ ಕಲ್ಪನಾಸ್ವರ ಮುಗಿಸಿ ಹಾಡುಗಾರರು ಮೃದಂಗದವರತ್ತ ತಿರುಗಿದೊಡನೆ ನಮ್ಮ ಸಭಾಂಗಣಗಳಲ್ಲಿ ಕುರ್ಚಿಗಳು ಸದ್ದು ಮಾಡತೊಡಗುತ್ತವೆ. ಕೆಲವರಿಗೆ ಕಾಫಿ ನೆನಪಾಗುತ್ತದೆ, ಕೆಲವರಿಗೆ ಕಾರು ತೆಗೆಯುವ ಅವಸರ, ಇನ್ನು ಕೆಲವರಿಗೆ ಅಷ್ಟು ಹೊತ್ತು ತಡೆದುಕೊಂಡಿದ್ದ ಮಾತು. ರಾಮನವಮಿಯ ಚಪ್ಪರದಲ್ಲೂ ಇದೇ, ಗಣೇಶೋತ್ಸವದ ಪೆಂಡಾಲಿನಲ್ಲೂ ಇದೇ. ಎದ್ದು ಹೋಗುವವರು ಸಂಗೀತದ ಗಂಧವಿಲ್ಲದವರಾಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಏಳುತ್ತಿರುವವರು ನೀವು: ಆಲಾಪನೆಯ ಮೊದಲ ಎಳೆಯಲ್ಲೇ ರಾಗ ಗುರುತಿಸುವ ನೀವು, ನೆರವಲಿಗೆ ಕಣ್ಣು ಮುಚ್ಚಿ ತಲೆದೂಗುವ ನೀವು, ಮಕ್ಕಳನ್ನು ತಪ್ಪದೆ ಪಾಠಕ್ಕೆ ಕಳಿಸುವ ನೀವು.

ನಿಮಗೆ ಗೊತ್ತು. ಎರಡು ಗಂಟೆ ಕಾಲ ಹಾಡಿನ ನೆರಳಾಗಿ ನಡೆದು, ಸಾಹಿತ್ಯ ಕೇಳಿಸಲೆಂದು ತಮ್ಮ ನಾದ ತಗ್ಗಿಸಿ, ಗಾಯಕರು ಎಡುಪು ತಪ್ಪುವಂತಾದಾಗ ಯಾರಿಗೂ ತಿಳಿಯದ ಹಾಗೆ ಎತ್ತಿಹಿಡಿದ ಮೃದಂಗದವರಿಗೆ ಇಡೀ ಸಂಜೆಯಲ್ಲಿ ತಮ್ಮದೆಂದು ಸಿಗುವುದು ತನಿ ಎಂಬ ಆ ಹತ್ತು ಹದಿನೈದು ನಿಮಿಷ. ಘಟ, ಖಂಜರಿ, ಮೋರ್ಸಿಂಗ್‌ನವರಿಗೆ ಅದರಲ್ಲೂ ಒಂದು ಪಾಲು ಮಾತ್ರ. ಚತುರಶ್ರದಿಂದ ತಿಶ್ರಕ್ಕೆ ನಡೆ ತಿರುಗಿಸಿ, ಒಬ್ಬರು ನುಡಿದದ್ದಕ್ಕೆ ಇನ್ನೊಬ್ಬರು ಉತ್ತರಿಸಿ, ಆವರ್ತದಿಂದ ಅರ್ಧಕ್ಕೆ, ಅರ್ಧದಿಂದ ಕಾಲಿಗೆ ಇಳಿಯುತ್ತ ಹತ್ತಿರವಾಗಿ, ಮೋಹರ ಕಟ್ಟಿ, ಮೂರು ಬಾರಿ ಬರುವ ಮುಕ್ತಾಯದೊಂದಿಗೆ ಅವರು ಹಾಡಿನ ಎಡುಪಿಗೆ ಬಂದು ಸೇರುವಾಗ, ವರ್ಷಗಟ್ಟಲೆಯ ಸಾಧನೆ ಮಾತಾಡುತ್ತಿರುತ್ತದೆ. ಆ ಮಾತಿಗೆ ನಾವು ಬೆನ್ನು ತೋರಿಸುತ್ತೇವೆ. ಪಂಕ್ತಿಯಲ್ಲಿ ಪಕ್ಕದವರ ಊಟ ಮುಗಿಯುವ ತನಕ ಎಲೆಯ ಮುಂದೆ ಕಾಯುವ ಸಂಸ್ಕಾರ ನಿಮ್ಮದು. ಇಲ್ಲಿ ಮಾತ್ರ ಏಕೆ ಮರೆತಿರಿ? ದಯವಿಟ್ಟು ಏಳಬೇಡಿ.

ನಿಮಗೆ ಗೊತ್ತು. ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿದೆ. ಮೈಕಿಲ್ಲದ ಕಾಲದಲ್ಲಿ ತಮ್ಮ ವಾದ್ಯ ಹಿಂದಿನ ಸಾಲಿಗೂ ಕೇಳಲೆಂದು ಏಳು ತಂತಿ ಬಿಗಿದ ತಿರುಮಕೂಡಲು ಚೌಡಯ್ಯನವರು ದೊಡ್ಡ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸಿದವರು. ಪಕ್ಕದಲ್ಲಿ ಕುಳಿತವರೊಬ್ಬರ ಹೆಸರಿನಲ್ಲಿ ಭವನವನ್ನೇ ಕಟ್ಟಿದ ಊರು ನಮ್ಮದು. ಅಂಥ ಊರಿನವರು ಪಕ್ಕವಾದ್ಯದವರ ಸರದಿ ಬಂದಾಗ ಬಾಗಿಲಿನತ್ತ ನಡೆಯಬಾರದು.

ಆ ನಡಿಗೆ ಬಾಗಿಲಲ್ಲೇ ನಿಲ್ಲುವುದಿಲ್ಲ. ಜನ ಏಳುವುದನ್ನು ಕಂಡ ವ್ಯವಸ್ಥಾಪಕರು ಮುಂದಿನ ಸಲ 'ತನಿ ಚಿಕ್ಕದಿರಲಿ' ಎನ್ನುತ್ತಾರೆ. ತನಿ ಚಿಕ್ಕದಾದ ಮೇಲೆ ಉಪಪಕ್ಕವಾದ್ಯ ಏಕೆಂಬ ಪ್ರಶ್ನೆ ಹುಟ್ಟುತ್ತದೆ. ಮೊದಲು ಕೈಬಿಡುವುದು ಘಟದವರನ್ನು, ಖಂಜರಿಯವರನ್ನು. ಹೆಂಗಸಿನ ಜೊತೆ ನುಡಿಸಲು ಕೆಲವು ಮೃದಂಗ ವಿದ್ವಾಂಸರೇ ಒಪ್ಪದಿದ್ದ ಕಾಲದಲ್ಲಿ ಸುಕನ್ಯಾ ರಾಮಗೋಪಾಲ್ ಘಟ ಹಿಡಿದು ವೇದಿಕೆಯಲ್ಲಿ ತಮ್ಮ ಜಾಗ ಪಡೆದರು. ಅವರನ್ನು ನೋಡಿ ಇಂದು ಘಟದ ಮುಂದೆ ಕುಳಿತ ಹುಡುಗಿಗೆ ನಾವು ಉಳಿಸಿಡುವುದು ಖಾಲಿ ಕುರ್ಚಿಗಳನ್ನೇ?

ಇನ್ನೂ ಹಿಂದೆ, ಬೆಳಕು ಬೀಳದ ಕಡೆ, ವಾದ್ಯ ಮಾಡುವವರಿದ್ದಾರೆ. ಹಲಸಿನ ಕೊರಡಿಗೆ ಹಸು, ಆಡು, ಎಮ್ಮೆಯ ಚರ್ಮ ಹದಮಾಡಿ ಬಿಗಿದು, ಪದರದ ಮೇಲೆ ಪದರ ಕರಣೆ ತಿಕ್ಕಿ ಶ್ರುತಿಗೆ ತರುವ ಆ ಕೈಗಳು ಬಹುಪಾಲು ದಲಿತರವು. ಪಾಲ್ಘಾಟ್ ಮಣಿ ಅಯ್ಯರ್ ಅವರ ಹೆಸರು ಎಲ್ಲರಿಗೂ ಗೊತ್ತು. ಅವರ ಮೃದಂಗಗಳನ್ನು ಮಾಡಿಕೊಟ್ಟ ಪರ್ಲಾಂದು ಅವರ ಹೆಸರು ನಮ್ಮಲ್ಲಿ ಅನೇಕರಿಗೆ ತಲುಪಿದ್ದು 2020ರಲ್ಲಿ ಟಿ. ಎಂ. ಕೃಷ್ಣ ಈ ಕುಶಲಕರ್ಮಿಗಳ ಬಗ್ಗೆ ಪುಸ್ತಕ ಬರೆದ ಮೇಲೆ. ಸಭೆಯೊಳಗೆ ಕುರ್ಚಿ ಸಿಗದವರ ಶ್ರಮ ಬೇರಾವ ದನಿಯ ಮರೆಯೂ ಇಲ್ಲದೆ ಕೇಳಿಸುವುದು ತನಿಯಲ್ಲಿ. ಅವರಿಗಾಗಿಯಾದರೂ ಏಳಬೇಡಿ.

ಬೇಗ ಹೋಗಲೇಬೇಕಾದ ದಿನ ಪ್ರಧಾನ ಕೃತಿಗೆ ಮೊದಲೇ ಹೊರಡಿ, ಯಾರೂ ಬೇಸರಿಸುವುದಿಲ್ಲ. ಉಳಿದರೆ ಪೂರ್ತಿ ಉಳಿಯಿರಿ. ತೊಡೆಯ ಮೇಲೆ ತಾಳ ಹಾಕಿ. ಲೆಕ್ಕ ತಪ್ಪಿದರೆ ತಪ್ಪಲಿ, ವೇದಿಕೆಯ ಮೇಲೆ ತಾಳ ಹಾಕುವ ಕೈ ನೋಡಿ ಮತ್ತೆ ಸೇರಿಕೊಳ್ಳಿ. ಘಟ ಬೇಕು, ಖಂಜರಿ ಬೇಕು, ತನಿಗೆ ಹೊತ್ತು ಕೊಡಿ, ಅವರ ಸಂಭಾವನೆಯಲ್ಲಿ ಕೈ ಬಿಗಿಹಿಡಿಯಬೇಡಿ ಎಂದು ವ್ಯವಸ್ಥಾಪಕರಿಗೆ ಬಾಯಿಬಿಟ್ಟು ಹೇಳಿ. ಕೇಳುಗರ ಮಾತಿಗೆ ಅವರು ಬೆಲೆ ಕೊಟ್ಟೇ ಕೊಡುತ್ತಾರೆ. ಕಚೇರಿ ಹೇಗಿತ್ತೆಂದು ಮನೆಯಲ್ಲಿ ಕೇಳಿದಾಗ, ಹಾಡಿದವರ ಹೆಸರಿನ ಜೊತೆಗೆ ಮೃದಂಗದವರ ಹೆಸರನ್ನೂ ಘಟದವರ ಹೆಸರನ್ನೂ ಹೇಳಿ.