ಲುಕ್ ಹಾಳಾಗುತ್ತೆ ಅನ್ನೋರಿಗೆ

ಬೆಂಗಳೂರಿಂದ ಜೋಗಕ್ಕೆ ಬೈಕಲ್ಲಿ ಹೊರಡೋ ಹುಡುಗರನ್ನ ನೋಡಿ. ಹೊರಡೋ ಮುಂಚೆ ಬೈಕಿಗೆ ಎತ್ತರದ ವೈಸರ್ ಹಾಕಿಸ್ತಾರೆ. ಸಾಲದು ಅಂದ್ರೆ ಅದರ ನೆತ್ತಿಗೆ ಕ್ಲಿಪ್ ಮಾಡೋ ಇನ್ನೊಂದು ಪಟ್ಟಿ. ನಾನೂರು ಕಿಲೋಮೀಟರ್ ಎದೆಗೆ ಗಾಳಿ ಬಡಿದರೆ ಸುಸ್ತಾಗುತ್ತೆ, ಕತ್ತು ಹಿಡಿಯುತ್ತೆ ಅನ್ನೋದು ಅವರ ವಾದ. ನ್ಯಾಯವಾದ ವಾದವೇ. ಕಾರಿನವರೂ ಕಡಿಮೆ ಇಲ್ಲ, ನಾಲ್ಕೂ ಕಿಟಕಿಗೆ ಡೋರ್ ವೈಸರ್ ಅಂಟಿಸಿಕೊಂಡೇ ಬರ್ತಾರೆ. ಇದೇ ಮಂದಿ ಶರಾವತಿ ಹಿನ್ನೀರಿಗೆ ಬಂದು ಬೋಟ್ ಹತ್ತಿದ ಕೂಡಲೇ, ಡ್ರೈವರ್ ತನ್ನ ಮುಂದಿನ ಗ್ಲಾಸಿನ ಮೇಲೆ ಕಟ್ಟಿಕೊಂಡ ಒಂದು ಗೇಣು ಪ್ಲಾಸ್ಟಿಕ್ ನೋಡಿ ಹೇಳೋದೇನು? "ಅಣ್ಣಾ, ಅದನ್ನ ಸ್ವಲ್ಪ ತೆಗೀತೀರಾ, ಫೋಟೋದಲ್ಲಿ ಅಡ್ಡ ಬರ್ತಿದೆ."

ಬೋಟಿನ ಯಜಮಾನರು ಇನ್ನೂ ಒಂದು ಹೆಜ್ಜೆ ಮುಂದೆ. ಅವರೇ ಕಿತ್ತು ಹಾಕಿಸಿಬಿಡ್ತಾರೆ. ಹೆಸರು ಬೇಡ, ಇದು ಒಬ್ಬರ ಕತೆಯೂ ಅಲ್ಲ. ಕಾರಣ ಮಾತ್ರ ಎಲ್ಲರದೂ ಒಂದೇ: ಲುಕ್ ಹಾಳಾಗುತ್ತೆ.

ಯಾರ ಲುಕ್ಕು ಸ್ವಾಮಿ? ಆ ಚಿಕ್ಕ ಫೈಬರ್ ಬೋಟುಗಳ ಮುಂದಿನ ಗ್ಲಾಸು ಇರೋದೇ ಒಂದೂವರೆ ಅಡಿ. ತಗ್ಗಾಗಿ, ಹಿಂದಕ್ಕೆ ವಾಲಿಕೊಂಡು, ರೇಸ್ ಕಾರಿನ ಥರ ಕಾಣುತ್ತೆ. ಗಾಳಿ ಆ ಗ್ಲಾಸನ್ನ ಹತ್ತಿ, ಅದರ ಅಂಚಿನಲ್ಲಿ ಸುರುಳಿ ಸುತ್ತಿ, ನೇರವಾಗಿ ಡ್ರೈವರ್ ಮುಖಕ್ಕೆ ಬಂದು ಬೀಳುತ್ತೆ. ಗ್ಲಾಸೇ ಇಲ್ಲದಿದ್ದರೆ ಗಾಳಿ ಒಂದೇ ಸಮನೆ ಬರ್ತಿತ್ತು. ಈಗ ಪಟಪಟ ಹೊಡೆಯುತ್ತೆ. ಹಿಂದೆ ಕೂತ ನಾಲ್ಕು ಜನ ಹತ್ತು ನಿಮಿಷ ಕೂಗಾಡಿ, ರೀಲ್ಸ್ ಮಾಡಿ ಇಳಿದು ಹೋಗ್ತಾರೆ. ಡ್ರೈವರ್ ಇಳಿಯೋದಿಲ್ಲ. ರಜಾ ದಿನಗಳಲ್ಲಿ ಬೆಳಗಿಂದ ಸಂಜೆ ತನಕ ಅದೇ ಸೀಟು, ಅದೇ ಗಾಳಿ.

ಲೆಕ್ಕ ಬೇಕಾ? ಬೋಟು ಗಂಟೆಗೆ 30 ಕಿ.ಮೀ. ಹೋಗ್ತಿದೆ, ಎದುರುಗಾಳಿ 20 ಕಿ.ಮೀ. ಇದೆ ಅಂದ್ಕೊಳ್ಳಿ. ಮುಖಕ್ಕೆ ಬಡಿಯೋದು 50. ಗಾಳಿಯ ಬಲ ವೇಗದ ವರ್ಗದಷ್ಟು ಏರುತ್ತೆ, ಅಂದರೆ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಇಲ್ಲಿ ನಿಂತ ನೀರು ತುಂಬಿದಾಗ ಸುಮಾರು 300 ಚದರ ಕಿಲೋಮೀಟರ್ ಹರಡಿಕೊಳ್ಳುತ್ತೆ. ನಡುವೆ ಗಾಳಿಗೆ ಅಡ್ಡ ಬರೋಕೆ ಮರವಿಲ್ಲ, ಮನೆಯಿಲ್ಲ. ದಡದಲ್ಲಿ ಎಲೆ ಅಲ್ಲಾಡದ ದಿನವೂ ನಡುನೀರಲ್ಲಿ ಟೋಪಿ ಹಾರಿ ಹೋಗುತ್ತೆ. ಡಿಸೆಂಬರ್ ಬೆಳಗ್ಗೆ ಆರೂವರೆಗೆ ಆ ಗಾಳಿಗೆ ಕಣ್ಣು ಬಿಟ್ಟುಕೊಂಡು ಕೂತು ನೋಡಿ, ಎರಡು ನಿಮಿಷಕ್ಕೆ ನೀರು ಇಳಿಯೋಕೆ ಶುರು.

ಕಣ್ಣಲ್ಲಿ ನೀರು ಬಂದರೆ ಏನೀಗ ಅಂತೀರಾ? ಈ ನೀರಿನಡಿ ಇರೋದು ಮರಳಲ್ಲ, ಮುಳುಗಿದ ಕಾಡು. ಅರವತ್ತು ವರ್ಷದಿಂದ ನೀರಲ್ಲಿ ನಿಂತ ಬೋಳು ಮರಗಳು ಇನ್ನೂ ಇವೆ. ನೀರು ಇಳಿದಂತೆಲ್ಲ ಮೊದಲು ತುದಿ, ಆಮೇಲೆ ಬೊಡ್ಡೆ ಮೇಲೆ ಬರುತ್ತೆ. ಬೇಸಿಗೆ ಬಲಿತರೆ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೂ ಎದ್ದು ನಿಲ್ಲುತ್ತೆ, ಅದನ್ನ ನೋಡೋಕೇ ಜನ ಹೋಗ್ತಾರೆ. ಎದ್ದು ಕಂಡ ಬೊಡ್ಡೆಗಿಂತ ನೀರಿಗಿಂತ ನಾಲ್ಕು ಬೆರಳು ಕೆಳಗಿರೋ ಬೊಡ್ಡೆ ಕೆಟ್ಟದ್ದು. ನೀರಿನ ಮೇಲೆ ಅದರ ಗುರುತು ಅಂದ್ರೆ ಒಂದು ಸಣ್ಣ ಸುಕ್ಕು ಮಾತ್ರ. ಆ ಸುಕ್ಕನ್ನ ಹಿಡಿಯಬೇಕಾದ ಕಣ್ಣು ಮಂಜಾಗಿದೆ. ನಿಮ್ಮ ಮಗು ಮುಂದಿನ ಸೀಟಲ್ಲಿ ಕೂತಿದೆ.

ಆಫೀಸಲ್ಲಿ ಕುರ್ಚಿ ಸೊಂಟಕ್ಕೆ ಸರಿಹೊಂದಲ್ಲ ಅಂತ ಎಚ್‌ಆರ್‌ಗೆ ಮೇಲ್ ಹಾಕ್ತೀವಿ. ಸ್ಕ್ರೀನಿನ ಬೆಳಕಿಗೆ ಬೇರೆ ಕನ್ನಡಕ, ಮಣಿಕಟ್ಟಿಗೆ ಬೇರೆ ಮೌಸು. ಅದೆಲ್ಲ ನಮ್ಮ ಹಕ್ಕು. ದೋಣಿ ಓಡಿಸೋನು ತನ್ನ ಕಣ್ಣಿಗೆ ತಾನೇ ಒಂದು ಪಟ್ಟಿ ಮಾಡಿಕೊಂಡರೆ ಮಾತ್ರ ಅದು 'ಜುಗಾಡ್'.

ಈ ಜುಗಾಡ್ ಅನ್ನೋ ಪದದ ಮೇಲೇ ನನಗೆ ಸಿಟ್ಟಿದೆ. ಬೈಯೋರಿಗೂ ಅದೇ ಪದ, ಹೊಗಳೋರಿಗೂ ಅದೇ. ಮಲೆನಾಡಿನಲ್ಲಿ ಗಾಳಿ–ಮಳೆಗೆ ಅಡ್ಡ ಕಟ್ಟೋದು ಹೊಸ ಚಮತ್ಕಾರ ಏನಲ್ಲ. ಮಳೆಗಾಲಕ್ಕೆ ಮುಂಚೆ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ತಿದ್ದರು, ಇರಚಲು ಒಳಗೆ ಬರದ ಹಾಗೆ. ಯಾವ ದಿಕ್ಕಿನಿಂದ ಗಾಳಿ ಬರುತ್ತೋ ಆ ಬದಿಗೆ ಮಾತ್ರ ತಟ್ಟಿ. ಮಳೆ ಮುಗಿದ ಮೇಲೆ ಬಿಚ್ಚಿ ಇಡೋದು. ನಾಟಿ ಗದ್ದೆಯಲ್ಲಿ ಹೆಂಗಸರು ಬೆನ್ನಿಗೆ ಹಾಕಿಕೊಳ್ತಿದ್ದ ಗೊರಬು ನೋಡಿ. ಬಗ್ಗಿದ ಬೆನ್ನಿನ ಮೇಲೆ ನೀರು ಜಾರಿಹೋಗುತ್ತೆ, ಎರಡೂ ಕೈ ಖಾಲಿ, ಮುಂದೆ ಏನೂ ಅಡ್ಡವಿಲ್ಲ. ಕೆಲಸ ಮಾಡೋರ ಮೈ ನೋಡಿ ಅಳತೆ ಮಾಡಿದ ವಸ್ತು ಅದು. ಅದನ್ನ ಯಾರೂ ಜುಗಾಡ್ ಅನ್ನಲಿಲ್ಲ.

ಇನ್ನು "ಸೇತುವೆ ಆಯ್ತಲ್ಲ, ಇನ್ನೇನು ದೋಣಿ ವಿಚಾರ" ಅನ್ನೋರಿದ್ದಾರೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯ್ತು, ತುಮರಿ ಕಡೆಯವರ ಎಷ್ಟೋ ದಶಕಗಳ ಬವಣೆ ತಪ್ಪಿತು, ಸಂತೋಷ. ಆದರೆ ಸೇತುವೆ ನೋಡೋಕೆ ಬಂದವರು ಅದರ ಕೆಳಗೆ ಬೋಟಲ್ಲಿ ಹೋಗಬೇಕು ಅಂತಾರಲ್ಲ! ದಾಟೋಕೆ ದೋಣಿ ಬೇಡ, ಆಡೋಕೆ ಬೇಕು. ಆಡೋ ದೋಣಿಯದ್ದೇ ವೇಗ ಜಾಸ್ತಿ.

ಈಗ ನನ್ನ ಪಕ್ಷದವರ ಕಡೆಗೂ ಎರಡು ಮಾತು. ಮನೆಯಲ್ಲೇ ಮಾಡಿದ್ದು ಅಂದಮಾತ್ರಕ್ಕೆ ಒಳ್ಳೇದಾಗಲ್ಲ. ಅಡಿಕೆ ಒಣಗಿಸೋ ಟಾರ್ಪಾಲನ್ನ ಗ್ಲಾಸಿನ ಮೇಲಿಂದ ಸೂರಿನ ತನಕ ಎಳೆದು ಕಟ್ಟೋರಿದ್ದಾರೆ. ಅದು ಗಾಳಿಗೆ ತಡೆ ಅಲ್ಲ, ಹಾಯಿ. ಮೇಲೆ ಹೇಳಿದ 50 ಕಿ.ಮೀ. ಗಾಳಿಗೆ ಒಂದು ಚದರ ಮೀಟರ್ ಟಾರ್ಪಾಲಿನ ಮೇಲೆ ಬೀಳೋ ಒತ್ತಡ ಸುಮಾರು 14 ಕೆ.ಜಿ. ಬೀಸು 80ಕ್ಕೆ ಏರಿದರೆ 36 ಕೆ.ಜಿ. ಅದೂ ದೋಣಿಯ ಎತ್ತರದ ಜಾಗದಲ್ಲಿ. ತಿರುಗೋ ಹೊತ್ತಿಗೆ ಪಕ್ಕದಿಂದ ಬೀಸಿದರೆ ಏನಾಗುತ್ತೆ ಯೋಚಿಸಿ. ಮೂರೂ ಕಡೆ ಮುಚ್ಚಿ ಹಿಂದೆ ಮಾತ್ರ ತೆರೆದಿಟ್ಟರೆ ಇನ್ನೊಂದು ಅಪಾಯ: ಒಳಗೆ ಒತ್ತಡ ಕಡಿಮೆಯಾಗಿ ಹಿಂದಿನ ಎಂಜಿನ್ನಿನ ಹೊಗೆಯೇ ಸೀಟಿನ ತನಕ ಎಳೆದುಕೊಂಡು ಬರುತ್ತೆ. ಅದರಲ್ಲಿರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ತಲೆನೋವು ಬಂದಾಗ ಬಿಸಿಲು ಜಾಸ್ತಿ ಆಯ್ತು ಅಂದ್ಕೊಳ್ತೀವಿ.

ಕೇರಳದ ತಾನೂರಿನಲ್ಲಿ 2023ರ ಮೇ 7ರಂದು 22 ಜನ ಸತ್ತರಲ್ಲ, ಅದು ಮೀನು ಹಿಡಿಯೋ ದೋಣಿಯನ್ನ ಟೂರಿಸ್ಟ್ ಬೋಟಾಗಿ ಮಾರ್ಪಡಿಸಿದ್ದು. ಮಿತಿಮೀರಿ ಜನರನ್ನೂ ತುಂಬಿದ್ದರು. ಯಜಮಾನರು ಈ ಉದಾಹರಣೆ ಕೊಟ್ಟೇ ಡ್ರೈವರ್ ಬಾಯಿ ಮುಚ್ಚಿಸ್ತಾರೆ: ನೋಡಪ್ಪ, ಬೋಟಿಗೆ ಕೈ ಹಾಕಿದರೆ ಹೀಗಾಗುತ್ತೆ. ದೋಣಿಯ ತೂಕ, ಸಮತೋಲ, ಒಡಲು ಬದಲಿಸೋದಕ್ಕೂ ಒಂದು ಗೇಣಿನ ಪಟ್ಟಿಗೂ ವ್ಯತ್ಯಾಸ ಗೊತ್ತಿಲ್ಲದವರೇನಲ್ಲ ಅವರು. ಮೇಲೊಂದು ಮಾಳಿಗೆ ಕಟ್ಟಿ ಇನ್ನೂ ಹತ್ತು ಜನರನ್ನ ಕೂರಿಸಬಹುದು ಅಂದ್ರೆ ಆಗ ಈ ಎಚ್ಚರಿಕೆ ನೆನಪಿಗೆ ಬರೋದಿಲ್ಲ.

ಪಟ್ಟಿ ಮಾಡೋದು ಹೇಗೆ ಅಂತ ಹೇಳದೆ ಬರೀ ಜಗಳ ಆಡಿದರೆ ಅದೂ ಸರಿಯಲ್ಲ. ಮೊದಲು ರಟ್ಟಿನಲ್ಲಿ ಮಾಡಿ ನೋಡಿ. ಗ್ಲಾಸಿನ ಅಂಚಿಗೆ ಸಾಲಾಗಿ ಉಲ್ಲನ್ ದಾರದ ತುಂಡು ಟೇಪ್ ಹಾಕಿ ಅಂಟಿಸಿ ಒಂದು ಸುತ್ತು ಹೋಗಿ ಬನ್ನಿ. ಗಾಳಿ ಎಲ್ಲಿ ತಿರುಗುತ್ತೆ ಅಂತ ದಾರವೇ ತೋರಿಸುತ್ತೆ. ಆಮೇಲೆ 4 ಮಿ.ಮೀ. ದಪ್ಪದ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ತನ್ನಿ. ಅಕ್ರಿಲಿಕ್ ಬೇಡ, ಹೊಡೆತ ಬಿದ್ದರೆ ಚೂಪು ಚೂರಾಗುತ್ತೆ. ಒಂದು ಗೇಣು ಎತ್ತರ ಸಾಕು. ಅದರ ಮೇಲಂಚು ಡ್ರೈವರ್ ಕೂತಾಗ ಕಣ್ಣಿನ ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೇ ಇರಬೇಕು. ಇದು ಎಲ್ಲಕ್ಕಿಂತ ಮುಖ್ಯ. ನೋಡೋದು ಪಟ್ಟಿಯ ಮೇಲಿಂದ, ಅದರ ಮೂಲಕ ಅಲ್ಲ. ನೀರು ಸಿಡಿದ ಪ್ಲಾಸ್ಟಿಕ್ ಮೂಲಕ ಬೊಡ್ಡೆ ಕಾಣೋದಿಲ್ಲ, ಅದಕ್ಕೆ ವೈಪರ್ ಕೂಡ ಇಲ್ಲ. ಗಾಳಿ ಮಾತ್ರ ಆ ಅಂಚಿನಿಂದ ಮೇಲಕ್ಕೆ ಚಿಮ್ಮಿ ತಲೆಯ ಮೇಲೆ ಹಾದು ಹೋಗುತ್ತೆ. ಗ್ಲಾಸಿಗೂ ಪಟ್ಟಿಗೂ ನಡುವೆ ಎರಡು ಬೆರಳಿನ ಸಂದಿ ಬಿಡಿ. ಅಷ್ಟು ಗಾಳಿ ಒಳಗೆ ಬಂದರೆ ಪಟಪಟ ಹೊಡೆತ ತಗ್ಗುತ್ತೆ.

ಬೋಟಿನ ಗ್ಲಾಸಿಗೆ ತೂತು ಕೊರೆಯಬೇಡಿ, ಕ್ಲ್ಯಾಂಪ್ ಹಾಕಿ, ರಬ್ಬರ್ ಇಟ್ಟು. ಹಾಳೆಗೆ ಕೊರೆಯೋ ತೂತು ಬೋಲ್ಟಿಗಿಂತ ಸ್ವಲ್ಪ ದೊಡ್ಡದಿರಲಿ, ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತೆ. ಹಳೇ ನೀರಿನ ಪೈಪು ಉದ್ದಕ್ಕೆ ಸೀಳಿ ಅಂಚಿಗೆ ತೊಡಿಸಿದರೆ ಬಿದ್ದಾಗ ಮುಖ ಕುಯ್ಯೋದಿಲ್ಲ. ಪೆಟ್ರೋಲು, ಥಿನ್ನರು ತಾಗಿಸಿ ಒರೆಸಬೇಡಿ, ಹಾಳೆ ಬಿರುಕು ಬಿಟ್ಟು ಮಂಜಾಗುತ್ತೆ. ಸೋಪಿನ ನೀರು ಸಾಕು.

ಇಷ್ಟು ಮಾಡಿದರೆ 120 ಸೆಂ.ಮೀ. ಅಗಲದ ಪಟ್ಟಿಯ ಮೇಲೆ ಅದೇ 50 ಕಿ.ಮೀ. ಗಾಳಿ ಹಾಕೋ ಭಾರ ಮೂರೂವರೆ ಕೆ.ಜಿ. ಆಸುಪಾಸು. ಖರ್ಚು ನಿಮ್ಮ ವೀಕೆಂಡ್ ರೂಮಿನ ಬಾಡಿಗೆ ಮುಂದೆ ಲೆಕ್ಕಕ್ಕೇ ಇಲ್ಲ. ಸಾಗರದಲ್ಲಿ ಗ್ಲಾಸು ಕತ್ತರಿಸೋ ಅಂಗಡಿಯವರು ಅರ್ಧ ಗಂಟೆಯಲ್ಲಿ ಅಳತೆಗೆ ಕುಯ್ದು ಕೊಡ್ತಾರೆ.

ಯಜಮಾನರ ಕೊನೆಯ ತಕರಾರು ಒಂದು ಬಾಕಿ ಇದೆ. ಒಬ್ಬನ ಬೋಟಿಗೆ ಹಾಕೋಕೆ ಬಿಟ್ಟರೆ ಎಲ್ಲರೂ ಕೇಳ್ತಾರೆ, ಎಲ್ಲ ಬೋಟಿಗೂ ಹಾಕಿಸಬೇಕಾಗುತ್ತೆ ಅಂತ.

ಹೌದು, ಹಾಕಿಸಬೇಕಾಗುತ್ತೆ.