ಅಡ್ಡ ಓಡುವ ಕಾರು

ಕಾರು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು. ಜಪಾನಿನ ಕೆಲವು ಯುವಕರ ಪ್ರಶ್ನೆಯೇ ಬೇರೆ: ಇದರ ಹಿಂಭಾಗ ಎಷ್ಟು ಚೆನ್ನಾಗಿ ಜಾರುತ್ತದೆ? ತಿರುವಿನಲ್ಲಿ ಹಿಂದಿನ ಚಕ್ರಗಳ ಹಿಡಿತವನ್ನು ಬೇಕೆಂದೇ ತಪ್ಪಿಸಿ, ಮೂತಿ ಒಂದು ಕಡೆ, ಓಟ ಇನ್ನೊಂದು ಕಡೆ ಎಂಬಂತೆ ಕಾರನ್ನು ಅಡ್ಡಡ್ಡ ಸಾಗಿಸುವ ವಿದ್ಯೆಗೆ ಡ್ರಿಫ್ಟಿಂಗ್ ಎಂದು ಹೆಸರು. ಮಳೆಗಾಲದಲ್ಲಿ ಮಲೆನಾಡಿನ ಕೆಮ್ಮಣ್ಣಿನ ರಸ್ತೆಯಲ್ಲಿ ಜೀಪಿನ ಬಾಲ ತಿರುಗಿ ಎದೆ ಝಲ್ಲೆಂದ ಅನುಭವ ಇದ್ದವರಿಗೆ ಇದರ ಕಲ್ಪನೆ ಸುಲಭ. ವ್ಯತ್ಯಾಸ ಇಷ್ಟೆ: ಅಲ್ಲಿ ಅದು ಆಕಸ್ಮಿಕ, ಇಲ್ಲಿ ಅದೇ ಗುರಿ.

ಈ ವಿದ್ಯೆಯ ಮೂಲಪುರುಷ ಕುನಿಮಿತ್ಸು ತಕಹಾಶಿ. 1961ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಮೋಟಾರ್ ಸೈಕಲ್ ರೇಸ್ ಗೆದ್ದ ಮೊದಲ ಜಪಾನಿ ಆತ. ಮುಂದೆ ಕಾರಿನ ರೇಸಿಗೆ ಬಂದಾಗ ತಿರುವಿಗೆ ಜಾರುತ್ತಲೇ ನುಗ್ಗುವ ಅವನ ಶೈಲಿ ಪ್ರೇಕ್ಷಕರಿಗೆ ಹುಚ್ಚು ಹಿಡಿಸಿತು. ಆ ಹುಚ್ಚು ಹಿಡಿದವರಲ್ಲಿ ಕೆಯಿಚಿ ತ್ಸುಚಿಯಾ ಒಬ್ಬ. ಗುಡ್ಡಗಾಡಿನ ಅಂಕುಡೊಂಕು ರಸ್ತೆಗಳಲ್ಲಿ ಅಭ್ಯಾಸ ಮಾಡಿದ ಇವನು 1987ರಲ್ಲಿ 'ಪ್ಲಸ್ಪಿ' ಎಂಬ ವಿಡಿಯೊದಲ್ಲಿ ತನ್ನ ಕೈಚಳಕ ತೋರಿಸಿ ಮನೆಮಾತಾದ. 2001ರಲ್ಲಿ 'ಡಿ1 ಗ್ರ್ಯಾನ್ ಪ್ರಿ' ಸರಣಿ ಆರಂಭವಾದ ಮೇಲೆ ಅಂಕ, ತೀರ್ಪುಗಾರರು, ಬಹುಮಾನ ಎಲ್ಲ ಬಂದು ಇದೊಂದು ಅಧಿಕೃತ ಕ್ರೀಡೆಯೇ ಆಯಿತು.

ತ್ಸುಚಿಯಾನ ಹೆಸರಿನೊಂದಿಗೆ ಸದಾ ಕೇಳಿಬರುವ ಕಾರು ಯಾವುದು ಎಂಬುದನ್ನು ಹೊಸಬರು ಗಮನಿಸಬೇಕು. ಅದು ಟೊಯೊಟಾ ಕೊರೊಲ್ಲಾ ವಂಶದ ಎಇ86. 1983ರಿಂದ 1987ರವರೆಗೆ ತಯಾರಾದ ಈ ಕಾರಿನ ಎಂಜಿನ್ ಬರೇ 1.6 ಲೀಟರಿನದು, ಹೊಸದಿದ್ದಾಗಲೇ ಕಂಪೆನಿ ಹೇಳಿಕೊಂಡ ಶಕ್ತಿ 130 ಅಶ್ವಶಕ್ತಿ. ತೂಕ ಒಂದು ಟನ್ನಿಗೂ ಕಡಿಮೆ. ಶಕ್ತಿ ಇಲ್ಲದ ಕಾರು ಆಕ್ಸಿಲರೇಟರ್ ಒತ್ತಿದ ಮಾತ್ರಕ್ಕೆ ಜಾರುವುದಿಲ್ಲ. ಬ್ರೇಕ್ ಒತ್ತಿ ಭಾರವನ್ನು ಮುಂದಕ್ಕೆ ತಂದು, ಹಿಂದಿನ ಚಕ್ರಗಳನ್ನು ಹಗುರ ಮಾಡಿ, ಸರಿಯಾದ ಕ್ಷಣಕ್ಕೆ ಸ್ಟಿಯರಿಂಗ್ ತಿರುಗಿಸಬೇಕು. ಗಳಿಸಿದ ವೇಗವನ್ನು ಜಿಪುಣನ ಹಾಗೆ ಕಾಪಾಡಿಕೊಳ್ಳಬೇಕು. ಕಲಿಕೆ ಎಂದರೆ ಇದೇ. 400 ಅಶ್ವಶಕ್ತಿಯ ಟರ್ಬೊ ಕಾರಿನಲ್ಲಿ ಕೂತ ಹೊಸಬ ಹೊಗೆ ಎಬ್ಬಿಸುವುದನ್ನು ಮೊದಲ ದಿನವೇ ಕಲಿಯುತ್ತಾನೆ. ಉಳಿದದ್ದನ್ನು ಕಲಿಯುವ ಹೊತ್ತಿಗೆ ಟೈರಿಗೂ ಗೇರ್‌ಬಾಕ್ಸಿಗೂ ಸುರಿದು ಕೈ ಬರಿದಾಗಿ, ಕಾರು ಶೆಡ್ಡು ಸೇರಿರುತ್ತದೆ.

ಮೊದಲ ಕಾರಿನ ಆಯ್ಕೆಯಲ್ಲಿ ರಾಜಿ ಇಲ್ಲದ ಷರತ್ತು ಒಂದೇ: ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗಬೇಕು. ಮಾರುತಿ 800ರಂತೆ ಮುಂಚಕ್ರ ಎಳೆಯುವ ಕಾರುಗಳು ಇದಕ್ಕೆ ಒದಗುವುದಿಲ್ಲ. ಜಪಾನಿನಲ್ಲಿ ಬಹುಕಾಲ ಹೊಸಬರ ಕೈಗೆ ಸಿಗುತ್ತಿದ್ದದ್ದು ನಿಸಾನ್ ಸಿಲ್ವಿಯಾ. 1988ರಲ್ಲಿ ಬಂದ ಇದರ ಎಸ್13 ಮಾದರಿಯನ್ನು ಕೊಂಡವರು ಹೆಚ್ಚಾಗಿ ಗೆಳತಿಯೊಡನೆ ಸುತ್ತಲು ಹೊರಟ ತರುಣರು. ಇಸ್ಪೀಟಿನ ಗುಲಾಮ, ರಾಣಿ, ರಾಜರನ್ನು ನೆನಪಿಸುವಂತೆ ಕಂಪೆನಿ ಅದಕ್ಕೆ ಜೆ, ಕ್ಯು, ಕೆ ಎಂಬ ದರ್ಜೆಗಳನ್ನು ಇಟ್ಟಿತ್ತು. ರಾಜನಿಗೆ ಮಾತ್ರ ಟರ್ಬೊ. ಎಲ್ಲರ ಕಣ್ಣೂ ರಾಜನ ಮೇಲೆ. ಆದರೆ ಕಲಿಯುವವನಿಗೆ ರಾಣಿಯೇ ಸಾಕು, ಸಸ್ತಾ ಕೂಡ.

ಸಸ್ತಾ ಎಂಬ ಮಾತು ಈಗ ಸಿಲ್ವಿಯಾಕ್ಕೂ ಎಇ86ಕ್ಕೂ ಅನ್ವಯಿಸದು. 1995ರಲ್ಲಿ ಆರಂಭವಾದ 'ಇನಿಶಿಯಲ್ ಡಿ' ಎಂಬ ಚಿತ್ರಕಥೆಯ ನಾಯಕ ತೋಫು ಸಾಗಿಸುವುದು ಎಇ86ರಲ್ಲಿ; ಆ ಕಥೆ ಓದಿದವರೆಲ್ಲ ಅದೇ ಕಾರು ಬೇಕೆಂದರು. 25 ವರ್ಷ ತುಂಬಿದ ವಿದೇಶಿ ಕಾರುಗಳನ್ನು ಆಮದು ಮಾಡಿಕೊಳ್ಳಲು ಅಮೆರಿಕದ ಕಾನೂನು ಸಡಿಲ ಬಿಡುವುದರಿಂದ 2013ರ ನಂತರ ಸಿಲ್ವಿಯಾಗಳೂ ಹಡಗು ಹತ್ತಿದವು. ಬಡ ಹುಡುಗರ ಕಾರು ಸಂಗ್ರಾಹಕರ ಗ್ಯಾರೇಜು ಸೇರಿತು. ಹಾಗಾಗಿ ಹೊಸಬರಿಗೆ ಇಂದು ಹೆಚ್ಚು ವಿವೇಕದ ಆಯ್ಕೆ 2012ರಲ್ಲಿ ಬಂದ ಟೊಯೊಟಾ 86ರ ಹಳೆಯ ಗಾಡಿ. ಎರಡು ಲೀಟರ್, 200 ಅಶ್ವಶಕ್ತಿ, ಟರ್ಬೊ ಇಲ್ಲ. ಕಡಿಮೆ ವೇಗದಲ್ಲೂ ಹಿಂಭಾಗ ಜಾರಲಿ ಎಂದು ಕಂಪೆನಿಯೇ ಇದಕ್ಕೆ ಪ್ರಿಯಸ್‌ನಂಥ ಸಾಧು ಕಾರಿಗೆ ಹಾಕುವ ಟೈರು ತೊಡಿಸಿ ಕಳಿಸಿತ್ತು!

ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರವನ್ನೂ ನೋಡಬೇಕು. ಮಾಜ್ದಾ ರೋಡ್‌ಸ್ಟರ್‌ನ ಮೊದಲ ಮಾದರಿಯಲ್ಲಿ ಇದು 2265 ಮಿಲಿಮೀಟರ್. ಕ್ಷಣ ಮೈಮರೆತರೆ ಬುಗುರಿಯಂತೆ ಸುತ್ತಿಬಿಡುತ್ತದೆ. ಸಿಲ್ವಿಯಾದಲ್ಲಿ 2475, ಟೊಯೊಟಾ 86ರಲ್ಲಿ 2570. ಉದ್ದ ಹೆಚ್ಚಿದಂತೆ ಬಾಲ ನಿಧಾನವಾಗಿ ತಿರುಗುತ್ತದೆ, ತಪ್ಪು ತಿದ್ದಿಕೊಳ್ಳಲು ಚಾಲಕನಿಗೆ ಸಮಯ ಸಿಗುತ್ತದೆ.

ಬಣ್ಣ ಹೇಗಿದ್ದರೂ ಚಿಂತೆಯಿಲ್ಲ. ನೆಲದ ಹಾಳೆ, ಬಾಗಿಲ ಕೆಳಗಿನ ಅಂಚು, ಸಸ್ಪೆನ್ಷನ್ ಕೂರುವ ಜಾಗ ಇಲ್ಲೆಲ್ಲ ತುಕ್ಕು ಹಿಡಿದ ಅಥವಾ ಚಾಸಿ ಬಾಗಿದ ಕಾರನ್ನು ಪುಕ್ಕಟೆ ಕೊಟ್ಟರೂ ಬಿಡಬೇಕು. ಯಾರೋ ಅರ್ಧ ಮಾರ್ಪಡಿಸಿ ಕೈಬಿಟ್ಟ ಗಾಡಿಗಿಂತ ಯಾವ ಬೋಲ್ಟೂ ಬದಲಾಗದ, ಮುದುಕರೊಬ್ಬರು ಓಡಿಸಿದ ಗಾಡಿ ಮೇಲು.

ಮಾರ್ಪಾಡಿನಲ್ಲಿ ಮೊದಲ ಖರ್ಚು ಡಿಫರೆನ್ಷಿಯಲ್‌ಗೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕಾದ್ದರಿಂದ ಎರಡು ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಇದು ಅವಕಾಶ ಕೊಡುತ್ತದೆ. ಊರೊಳಗೆ ಇದು ವರ, ಇಲ್ಲಿ ಶಾಪ. ಭಾರ ಕಳೆದುಕೊಂಡ ಒಳಗಿನ ಚಕ್ರ ಸುಮ್ಮನೆ ಗಿರ್ರನೆ ಸುತ್ತಿ, ಹೊರಗಿನದು ತೂಕಡಿಸುತ್ತದೆ. ಜಾರಾಟ ನಡುವೆಯೇ ನಿಂತುಹೋಗುತ್ತದೆ. ಎರಡೂ ಚಕ್ರಗಳನ್ನು ಒಟ್ಟಿಗೆ ದುಡಿಸಲು ಕ್ಲಚ್ ತಟ್ಟೆಗಳಿರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸುತ್ತಾರೆ. ಅಷ್ಟು ಹಣವಿಲ್ಲದವರು ಒಳಗಿನ ಗೇರುಗಳನ್ನು ವೆಲ್ಡಿಂಗ್ ಮಾಡಿಸಿಬಿಡುವುದುಂಟು. ಟ್ರ್ಯಾಕಿನಲ್ಲಿ ಇದೂ ನಡೆಯುತ್ತದೆ. ಆದರೆ ಅಂಥ ಕಾರು ರಸ್ತೆಯ ಪ್ರತಿ ತಿರುವಿನಲ್ಲೂ ಟೈರು ಕಿರುಚುತ್ತ ಹೋಗುತ್ತದೆ, ಆಕ್ಸಲ್ ಮುರಿಯುವ ಭಯವೂ ಇದೆ, ಮಳೆಯಲ್ಲಂತೂ ಅಪಾಯಕಾರಿ.

ಎರಡನೆಯದು ಸೀಟು. ಹಲವರಿಗೆ ಇದು ಶೋಕಿ ಎನಿಸುತ್ತದೆ. ಆದರೆ ಅಡ್ಡ ಓಡುವ ಕಾರಿನಲ್ಲಿ ದೇಹ ಪಕ್ಕಕ್ಕೆ ವಾಲದಿರಲು ಚಾಲಕ ಸ್ಟಿಯರಿಂಗನ್ನೇ ಆಧಾರಕ್ಕೆ ಹಿಡಿದುಕೊಳ್ಳುತ್ತಾನೆ. ಆ ಸ್ಟಿಯರಿಂಗ್ ಜಾರುವ ದಿಕ್ಕಿಗೆ ತಾನಾಗಿಯೇ ತಿರುಗಿಕೊಳ್ಳುವ ಗುಣ ಉಳ್ಳದ್ದು. ಕೈಗಳು ಅದನ್ನು ಸಡಿಲ ಬಿಟ್ಟು ಸರಿಯಾದ ಸಮಯಕ್ಕೆ ಹಿಡಿಯಬೇಕು. ಸೊಂಟ, ಭುಜಗಳನ್ನು ಬಿಗಿ ಹಿಡಿಯುವ ಬಕೆಟ್ ಸೀಟು ಇಲ್ಲದೆ ಇದು ಸಾಧ್ಯವಾಗುವುದಿಲ್ಲ.

ಹ್ಯಾಂಡ್‌ಬ್ರೇಕ್‌ಗೆ ಜಪಾನೀಯರ ಉಪಾಯ ಸರಳ. ಎಳೆದರೂ ಹಲ್ಲಿಗೆ ಸಿಕ್ಕಿ ನಿಲ್ಲದ, ಬಿಟ್ಟೊಡನೆ ಕೆಳಗಿಳಿಯುವ ಒಂದು ಗುಂಡಿ ಸಿಗುತ್ತದೆ, ಅದು ಸಾಕು. ಕಾರು ಪಕ್ಕಕ್ಕೆ ಓಡುವಾಗ ರೇಡಿಯೇಟರಿಗೆ ಎದುರುಗಾಳಿ ಸರಿಯಾಗಿ ಬಡಿಯುವುದಿಲ್ಲ, ಎಂಜಿನ್ ಮಾತ್ರ ಒಂದೇ ಸಮನೆ ಅರಚುತ್ತಿರುತ್ತದೆ. ಆದ್ದರಿಂದ ಒಳ್ಳೆಯ ರೇಡಿಯೇಟರ್, ಹೊಸ ಆಯಿಲ್ ಕಡ್ಡಾಯ. ಸಸ್ಪೆನ್ಷನ್ ತುಸು ಗಟ್ಟಿಯಾಗಿ, ಸವೆದ ರಬ್ಬರ್ ಬುಷ್‌ಗಳು ಬದಲಾಗಿದ್ದರೆ ಆಯಿತು. ಮುಂಚಕ್ರಗಳನ್ನು ಇನ್ನಷ್ಟು ತಿರುಗಿಸಬಲ್ಲ ವಿಶೇಷ ಭಾಗಗಳ ಅಗತ್ಯ ಮುಂದೊಂದು ದಿನ ತಾನಾಗಿ ಗೊತ್ತಾಗುತ್ತದೆ.

ಉಳಿದ ಹಣವೆಲ್ಲ ಟೈರಿಗೆ ಮತ್ತು ಟ್ರ್ಯಾಕಿನ ಶುಲ್ಕಕ್ಕೆ. ಒಳ್ಳೆಯ ಜೊತೆ ಮುಂದಕ್ಕೆ, ಅಗ್ಗದ ಹಳೆಯ ಟೈರುಗಳು ಹಿಂದಕ್ಕೆ. ಟ್ರ್ಯಾಕಿಗೆ ಬದಲು ಗುಡ್ಡದ ರಸ್ತೆಗಳು ಪುಕ್ಕಟೆ ಇವೆಯಲ್ಲ ಎನ್ನುವವರು ಜಪಾನಿನಲ್ಲೂ ಇದ್ದರು. ಪ್ರಾಣಗಳು ಹೋದವು, ಅಧಿಕಾರಿಗಳು ಹಲವು ಘಾಟಿಗಳಲ್ಲಿ ಅಡ್ಡಲಾಗಿ ಉಬ್ಬುಗಳನ್ನು ಹಾಕಿಸಿದರು. ಹೊಸಬರ ಕಾಶಿ ಎಂದರೆ ಫುಕುಶಿಮಾ ಪ್ರಾಂತದ ನಿಹೋನ್‌ಮತ್ಸುವಿನ ಎಬಿಸು ಸರ್ಕಿಟ್. ಮಗ್ಗುಲಲ್ಲೇ ಆನೆ, ಸಿಂಹಗಳ ಸಫಾರಿ ಪಾರ್ಕು. 2021ರ ಫೆಬ್ರುವರಿಯ ಭೂಕಂಪದಲ್ಲಿ ಇಲ್ಲಿ ಗುಡ್ಡ ಕುಸಿದು ಟ್ರ್ಯಾಕಿನ ಮೇಲೆ ಬಿದ್ದರೂ ಕಾರುಗಳು ಮತ್ತೆ ಜಾರತೊಡಗಿದವು. ಹೊಸಬ ಇಂಥ ಕಡೆ ಮೊದಲು ಕೇಳಬೇಕಾದದ್ದು ತಿರುವನ್ನಲ್ಲ, ನೀರು ಚೆಲ್ಲಿದ ಬಯಲನ್ನು. ಒದ್ದೆ ನೆಲದಲ್ಲಿ ಎರಡನೇ ಗೇರಿನಲ್ಲಿ ಒಂದು ಕೋನ್ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರೆ ಟೈರು ಸವೆಯುವುದಿಲ್ಲ, ಕಾರು ಮುರಿಯುವುದಿಲ್ಲ, ಸಂಜೆಯ ಹೊತ್ತಿಗೆ ಅದೇ ಕಾರು ಓಡಿಸಿಕೊಂಡು ಮನೆಗೂ ಹೋಗಬಹುದು.