ವಯರು ಬಿಸಾಡಬೇಡಿ, ಅದು ರೇಡಿಯೋದ ಕಿವಿ

ಹೊಸ ಫೋನು ತಂದವರು ಹಳೆಯ ವಯರಿನ ಇಯರ್‌ಫೋನನ್ನು ಡ್ರಾವರಿನ ಮೂಲೆಗೆ ತಳ್ಳುತ್ತಾರೆ, ಇಲ್ಲವೇ ಭಂಗಾರವಾಲಾನಿಗೆ ಕೊಟ್ಟುಬಿಡುತ್ತಾರೆ. ಬ್ಲೂಟೂತ್ ಕಾಲ, ಒಪ್ಪಿದೆ. ಆದರೂ ನನ್ನದೊಂದು ತಕರಾರಿದೆ. ಆ ವಯರು ಬರೀ ಹಾಡು ಕೇಳಿಸುವ ವಯರಲ್ಲ ಮಾರಾಯ್ರೇ, ಫೋನಿನ ಎಫ್‌ಎಂ ರೇಡಿಯೋಕ್ಕೆ ಅದೇ ಆಂಟೆನಾ. ಅದನ್ನು ಕಿತ್ತರೆ ಒಳಗೆ ರೇಡಿಯೋ ಇದ್ದೂ ಕಿವುಡು. ಬ್ಲೂಟೂತಿಗೆ ವಯರೇ ಇಲ್ಲ, ಹಾಗಾಗಿ ಅದು ಆಂಟೆನಾ ಆಗುವ ಮಾತೂ ಇಲ್ಲ.

ನಾನು ಓದಿದ್ದು ಬಿ.ಕಾಂ., ಬದುಕು ಬ್ಯಾಂಕಿನದು. ಆದರೆ ಈ ಲೆಕ್ಕಕ್ಕೆ ಎಂಜಿನಿಯರ್ ಬೇಕಾಗಿಲ್ಲ. 300ನ್ನು ಸ್ಟೇಶನ್ನಿನ ಮೆಗಾಹರ್ಟ್ಸ್‌ನಿಂದ ಭಾಗಿಸಿ, ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಅದರ ಕಾಲು ಭಾಗದಷ್ಟು ತಂತಿ ಇದ್ದರೆ ಒಳ್ಳೆಯ ಆಂಟೆನಾ. 91.1ಕ್ಕೆ ಸುಮಾರು 82 ಸೆಂ.ಮೀ., 107.1ಕ್ಕೆ 70. ಮೀಟರಿಗಿಂತ ತುಸು ಉದ್ದವಿರುವ ಇಯರ್‌ಫೋನ್ ವಯರು ಇದಕ್ಕೆ ಧಾರಾಳ ಸಾಕು. ಆದರೆ ಅದನ್ನು ಸುತ್ತಿ ಜೇಬಿಗೆ ತುರುಕಿದರೆ ಪ್ರಯೋಜನವಿಲ್ಲ, ನೇರವಾಗಿ ಇಳಿಬಿಡಬೇಕು. ಕಿವಿಗೆ ಹಾಕಿಕೊಳ್ಳಲು ಬೇಸರವೇ? ವಯರು ಚುಚ್ಚಿಟ್ಟು ಫೋನಿನ ಸ್ಪೀಕರಿನಲ್ಲೇ ಕೇಳಿ, ಮನೆಮಂದಿಗೂ ಕೇಳುತ್ತದೆ.

ಇನ್ನು ನಮ್ಮ ಮುಂಬೈ ಮನೆಗಳು. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ದಾರಿಯಲ್ಲಿ ಬರುತ್ತದೆ. ಕಬ್ಬಿಣದ ಸರಳು ತುಂಬಿದ ಕಾಂಕ್ರೀಟು ಗೋಡೆ, ಕಿಟಕಿಯ ಗ್ರಿಲ್ಲು, ಎದುರಿಗೆ ನಲವತ್ತು ಮಾಳಿಗೆಯ ಟವರು, ಎಲ್ಲವೂ ಅದಕ್ಕೆ ಅಡ್ಡ. ಗೋಡೆಗಳಿಗೆ ಬಡಿದು ಬಂದ ಅಲೆಗಳು ಒಂದನ್ನೊಂದು ಕಡಿಯುವುದೂ ಉಂಟು. ಅದಕ್ಕೇ ಸೆಟ್ಟನ್ನು ಕಪಾಟಿನ ಮೇಲಿಂದ ಒಂದು ಗೇಣು, ಒಂದು ಮೊಳ ಸರಿಸಿದರೆ ಸಾಕು, ಗೊರಗೊರ ಹೋಗಿ ಹಾಡು ಸ್ವಚ್ಛವಾಗುತ್ತದೆ. ಕಿಟಕಿಯ ಹತ್ತಿರ ಇಡಿ, ಗ್ರಿಲ್ಲಿಗೆ ತಾಗಿಸದೆ. ರಾಡು ಮುರಿದಿದ್ದರೆ ಮುಕ್ಕಾಲು ಮೀಟರ್ ತಂತಿಯನ್ನು ಅದರ ಬುಡಕ್ಕೆ ಬಿಗಿದು ನೋಡಿ. ಸ್ಟೀರಿಯೋ ಬದಲು ಮೋನೋ ಮಾಡಿದರೂ ಗದ್ದಲ ಕಡಿಮೆ. ಟ್ರಾನ್ಸ್‌ಮಿಟರ್ ಹತ್ತಿರವೇ ಇರುವವರು ಉಲ್ಟಾ ಮಾಡಬೇಕು: ಎರಡು ಸ್ಟೇಶನ್ ಕಲಸಿ ಬಂದರೆ ರಾಡನ್ನು ಒಳಕ್ಕೆ ತಳ್ಳಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಮಾತ್ರ ತಂತಿಯನ್ನು ಹೊರಗೆ ಬಿಡಬೇಡಿ.

ಮೀಡಿಯಂ ವೇವ್‌ನ ಕಥೆ ಬೇರೆ. ಅಲ್ಲಿ ಇಯರ್‌ಫೋನ್ ವಯರಿಗೆ ಕೆಲಸವಿಲ್ಲ. ಆಂಟೆನಾ ಸೆಟ್ಟಿನೊಳಗಿನ ಕರಿಯ ಫೆರೈಟ್ ಕಡ್ಡಿ, ಹಾಗಾಗಿ ಸೆಟ್ಟನ್ನೇ ತಿರುಗಿಸಬೇಕು. ತೊಂಬತ್ತರ ದಶಕದಲ್ಲಿ ಡೊಂಬಿವಲಿಯ ನಮ್ಮ ಕೋಣೆಯಲ್ಲಿ ರಾತ್ರಿ ಹೀಗೆ ತಿರುಗಿಸಿ ತಿರುಗಿಸಿ ಧಾರವಾಡ ಹಿಡಿಯುತ್ತಿದ್ದೆವು, 765 ಕಿಲೋಹರ್ಟ್ಸ್. ಹಗಲು ಬಾರದ್ದು ಕತ್ತಲಾದ ಮೇಲೆ ಬರುತ್ತಿತ್ತು. ಹಗಲಿನಲ್ಲಿ ಮೀಡಿಯಂ ವೇವನ್ನು ನುಂಗುವ ಆಕಾಶದ ಪದರ ರಾತ್ರಿ ಕರಗುತ್ತದೆ, ಅಲೆ ಇನ್ನೂ ಮೇಲಿನ ಪದರಕ್ಕೆ ತಾಗಿ ದೂರದೂರಿಗೆ ಇಳಿಯುತ್ತದೆ. ಊರಿಗೆ ಎಸ್‌ಟಿಡಿ ಮಾಡಲು ಯೋಚಿಸುತ್ತಿದ್ದ ದಿನಗಳಲ್ಲಿ ಕನ್ನಡ ವಾರ್ತೆ ಪುಕ್ಕಟೆಯಾಗಿ ಮನೆಗೆ ಬರುತ್ತಿತ್ತು!

"ಈಗ ಅದೆಲ್ಲ ಯಾಕೆ ಸಾರ್, ಆಪ್ ಇದೆಯಲ್ಲ?" ಎಂದು ನಮ್ಮ ಬ್ರಾಂಚಿನ ಹುಡುಗರು ಕೇಳುತ್ತಾರೆ. ಇದೆ, ನಾನೂ ಬಳಸುತ್ತೇನೆ. ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆಪಿನಲ್ಲಿ ಆಕಾಶವಾಣಿಯ ಕನ್ನಡ ಕೇಂದ್ರಗಳು ಸ್ವಚ್ಛವಾಗಿ ಕೇಳುತ್ತವೆ. ಆದರೆ ಆಪಿಗೆ ನೆಟ್‌ವರ್ಕ್ ಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿದಾಗ ಲೋಕಲ್ ನಿಂತಿತು, ಉಪನಗರಗಳಲ್ಲಿ ಹಲವೆಡೆ ಕರೆಂಟು ಹೋಯಿತು, ಮೊಬೈಲು ಹತ್ತಲೇ ಇಲ್ಲ. ಆಫೀಸಿಗೆ ಹೋದವರು ಎಲ್ಲಿ ಸಿಕ್ಕಿಬಿದ್ದಿದ್ದಾರೆಂದು ತಿಳಿಯದೆ ಮನೆಯವರು ಇಡೀ ರಾತ್ರಿ ಕಳೆದರು. ಮೊಬೈಲಿನಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದರೆ ದಾರಿ ಮುಚ್ಚುತ್ತದೆ. ರೇಡಿಯೋದಲ್ಲಿ ಹಾಗಲ್ಲ, ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಟ್ರಾನ್ಸ್‌ಮಿಟರಿಗೆ ಒಂದೇ ಹೊರೆ.

ಸರಕಾರಕ್ಕೂ ಇದು ಗೊತ್ತು. 2023ರ ಏಪ್ರಿಲ್‌ನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಫೋನ್ ತಯಾರಕರ ಸಂಘಗಳಿಗೆ ಬರೆಯಿತು: ಫೋನಿನಲ್ಲಿ ಎಫ್‌ಎಂ ಇದ್ದರೆ ಬಂದ್ ಮಾಡಬೇಡಿ, ಇಲ್ಲದಿದ್ದರೆ ಸೇರಿಸಿ. ವಿಪತ್ತಿನ ಹೊತ್ತಿಗೆ ಬೇಕಾಗುತ್ತದೆ ಎಂಬುದೇ ಮುಖ್ಯ ಕಾರಣ. ಆದರೆ ಸಲಹೆ ಅಂದರೆ ಸಲಹೆಯೇ. ದುಬಾರಿ ಫೋನುಗಳಲ್ಲಿ ವಯರು ಚುಚ್ಚುವ ತೂತೇ ಮಾಯವಾಗಿದೆ, ಅದರ ಜೊತೆ ರೇಡಿಯೋವೂ. ಕಡಿಮೆ ಬೆಲೆಯ ಬಟನ್ ಫೋನಿನಲ್ಲಿ ಇರುವ ಸೌಲಭ್ಯ ಅರ್ಧ ಲಕ್ಷ ಕೊಟ್ಟವನಿಗೆ ಇಲ್ಲವೆಂದರೆ ಇದು ಯಾವ ಸೀಮೆಯ ಪ್ರಗತಿ? ಈ ಸಲಹೆ ನಿಯಮವಾಗಬೇಕು, ಆಂಟೆನಾಕ್ಕೆ ಜಾಗವೂ ಉಳಿಯಬೇಕು ಎನ್ನುವುದು ನನ್ನ ಅಭಿಪ್ರಾಯ.

ನಿಯಮ ಬರುವವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಜೂನ್ ಹತ್ತಿರ ಬಂದಾಗ ಛತ್ರಿ, ರೇನ್‌ಕೋಟು ತೆಗೆಯುತ್ತೇವಲ್ಲ, ಅದರ ಜೊತೆ ಒಂದು ಪುಟ್ಟ ರೇಡಿಯೋ, ಎರಡು ಜೊತೆ ಸೆಲ್ಲು, ಒಂದು ವಯರು ತೆಗೆದಿಡಿ. ನಿಮ್ಮ ಮನೆಯಲ್ಲಿ ಯಾವ ಮೂಲೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ ಎಂದು ಒಣ ದಿನದಲ್ಲೇ ನೋಡಿಟ್ಟುಕೊಳ್ಳಿ. ಕತ್ತಲಲ್ಲಿ, ಮೊಣಕಾಲು ನೀರಿನಲ್ಲಿ ನಿಂತು ಹುಡುಕುವ ಕೆಲಸವಲ್ಲ ಅದು. ಏನಂತೀರಿ?